ತಾಲ್ಲೂಕು ಆಸ್ಪತ್ರೆಯ ಸಾಂಕ್ರಾಮಿಕ ಯೋಜನೆ: ಸಿಬ್ಬಂದಿಯ ಮಾನಸಿಕ ಆರೋಗ್ಯದ ಪುಟದಲ್ಲಿ ಏನೇನಿರಬೇಕು?

ಕರಡು_ಪ್ರತಿ
100 ಹಾಸಿಗೆಯ ತಾಲ್ಲೂಕು ಆಸ್ಪತ್ರೆಗೆ ಸಾಂಕ್ರಾಮಿಕ ಸಿದ್ಧತಾ ಯೋಜನೆ ಬರೆಯಬೇಕಿದೆ. ಆಕ್ಸಿಜನ್, ಹಾಸಿಗೆ, ಲ್ಯಾಬ್, ತ್ಯಾಜ್ಯ ವಿಲೇವಾರಿ ಎಲ್ಲದಕ್ಕೂ ಪುಟಗಟ್ಟಲೆ ನಮೂನೆ ಸಿಗುತ್ತದೆ. ಸಿಬ್ಬಂದಿಯ ಮಾನಸಿಕ ಆರೋಗ್ಯ ಅಂತ ಬಂದರೆ ಮಾತ್ರ ಒಂದೇ ಸಾಲು: "ಅಗತ್ಯವಿದ್ದವರಿಗೆ ಕೌನ್ಸೆಲಿಂಗ್ ವ್ಯವಸ್ಥೆ ಮಾಡಲಾಗುವುದು." ಯಾರು ಮಾಡಬೇಕು, ಯಾವಾಗ, ಎಲ್ಲಿ, ಒಂದೂ ಇಲ್ಲ. ಒಂದೇ ಪುಟ ಇರಬೇಕು, ಜಾರಿಗೆ ತರುವಂತಿರಬೇಕು. ಕೋವಿಡ್ ವಾರ್ಡಿನ ಕೆಲಸ ಬಲ್ಲವರು ಹೇಳಿ. ಯೋಗ ಶಿಬಿರ, ಪ್ರೇರಣಾ ಭಾಷಣ ದಯವಿಟ್ಟು ಬೇಡ.

ವಾರ್ಡ್_ಇನ್‌ಚಾರ್ಜ್
ಡ್ಯೂಟಿ ಪಟ್ಟಿಯಿಂದ ಶುರು ಮಾಡಿ ಸರ್. ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿರೋದು.

ಲೆಕ್ಕ ಹೀಗೆ. ಪಿಪಿಇ ಹಾಕಿಕೊಂಡು ಕೆಲಸ ಮಾಡುವ ವಾರ್ಡಿನಲ್ಲಿ 6 ಗಂಟೆಯ ಪಾಳಿ ಅಂದುಕೊಳ್ಳಿ. ದಿನಕ್ಕೆ 4 ಪಾಳಿ, ವಾರಕ್ಕೆ 28. ಪ್ರತಿ ಪಾಳಿಗೆ 3 ಜನ ಸ್ಟಾಫ್ ನರ್ಸ್ ಬೇಕಾದರೆ ವಾರಕ್ಕೆ 84 ಪಾಳಿ ತುಂಬಬೇಕು. ಒಬ್ಬರು ವಾರಕ್ಕೆ 6 ಪಾಳಿ ಮಾಡಿದರೆ 14 ಜನ ಬೇಕು. ಸೋಂಕು, ಐಸೋಲೇಷನ್, ರಜೆಗೆ 25 ಶೇಕಡಾ ಸೇರಿಸಿದರೆ 18. ಬಹಳ ಕಡೆ ಇದೇ ಕೆಲಸಕ್ಕೆ 12 ಜನರನ್ನು ಹಾಕುತ್ತಾರೆ. 84ನ್ನು 12ರಿಂದ ಭಾಗಿಸಿದರೆ 7. ಅಂದರೆ ಮೊದಲ ದಿನದಿಂದಲೇ ಯಾರಿಗೂ ವಾರದ ರಜೆ ಇಲ್ಲ. ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರು ಡಬಲ್ ಡ್ಯೂಟಿ. ಮೂರನೇ ವಾರದಲ್ಲಿ "ಸಿಬ್ಬಂದಿಗೆ ಮನೋಸ್ಥೈರ್ಯ ಕಡಿಮೆ" ಅಂತ ಮೀಟಿಂಗ್ ಕರೆಯುತ್ತಾರೆ. ಕಡಿಮೆ ಇದ್ದದ್ದು ಜನ.

ಪಟ್ಟಿಯಲ್ಲಿ ಇನ್ನೂ ಮೂರು ನಿಯಮ ಬರೆಯಿರಿ. ಪಾಳಿ ಮುಂದಕ್ಕೆ ಸರಿಯಬೇಕು: ಬೆಳಿಗ್ಗೆ, ಮಧ್ಯಾಹ್ನ, ಆಮೇಲೆ ರಾತ್ರಿ. ರಾತ್ರಿಯಿಂದ ಹಿಂದಕ್ಕೆ ಮಧ್ಯಾಹ್ನಕ್ಕೆ ಎಳೆದರೆ ನಿದ್ದೆ ಕೂಡಿಕೊಳ್ಳುವುದೇ ಇಲ್ಲ. ಸತತ ರಾತ್ರಿ ಪಾಳಿ ಮೂರಕ್ಕಿಂತ ಹೆಚ್ಚು ಬೇಡ. ಪಟ್ಟಿಯನ್ನು ಕನಿಷ್ಠ 2 ವಾರ ಮುಂಚೆ ಗೋಡೆಗೆ ಅಂಟಿಸಬೇಕು. ರಾತ್ರಿ 10ಕ್ಕೆ ವಾಟ್ಸಾಪ್‌ನಲ್ಲಿ "ನಾಳೆ ಬೆಳಿಗ್ಗೆ ಬನ್ನಿ" ಅಂತ ಬಂದರೆ ಮನೆಯಲ್ಲಿ ಮಗು ನೋಡಿಕೊಳ್ಳೋರು ಯಾರು?

ಪಿಜಿ_ಹಾಸ್ಟೆಲ್
ಮೇಡಂ ಲೆಕ್ಕ ಸರಿ, ಆದರೆ ಮಂಜೂರಾದ ಹುದ್ದೆಯೇ ಅಷ್ಟಿಲ್ಲ. 18 ಜನ ಎಲ್ಲಿಂದ ತರೋದು?

ವಾರ್ಡ್_ಇನ್‌ಚಾರ್ಜ್
ಯೋಜನೆಯಲ್ಲಿ ಬರೆಯಬೇಕಾದ್ದೇ ಅದು. ಸೋಂಕಿನ ವಾರ್ಡ್ ತೆರೆದ ದಿನ ಯಾವ ಸೇವೆ ನಿಲ್ಲುತ್ತದೆ, ಅಲ್ಲಿಂದ ಯಾರು ಬರುತ್ತಾರೆ ಅಂತ ಈಗಲೇ ಹೆಸರಿಸಿ. ತುರ್ತಲ್ಲದ ಶಸ್ತ್ರಚಿಕಿತ್ಸೆ ನಿಂತರೆ ಓಟಿ ಸಿಬ್ಬಂದಿ ಸಿಗುತ್ತಾರೆ. ಆದರೆ ಅವರನ್ನು ಮೊದಲ ದಿನವೇ ಎಚ್‌ಡಿಯುಗೆ (ಹೆಚ್ಚಿನ ನಿಗಾ ಬೇಕಾದ ರೋಗಿಗಳ ವಾರ್ಡಿಗೆ) ಒಬ್ಬರನ್ನೇ ಬಿಡಬೇಡಿ. ಗೊತ್ತಿಲ್ಲದ ಯಂತ್ರದ ಮುಂದೆ ಒಂಟಿಯಾಗಿ ನಿಲ್ಲಿಸುವುದು ಭಯ ಹುಟ್ಟಿಸುವ ಅತಿ ಸುಲಭದ ದಾರಿ. ಎಚ್‌ಎಫ್‌ಎನ್‌ಸಿ, ಬೈಪ್ಯಾಪ್ ಎಂಬ ಉಸಿರಾಟಕ್ಕೆ ನೆರವಾಗುವ ಯಂತ್ರಗಳು, ಸಿಲಿಂಡರ್ ಬದಲಿಸುವುದು, ಪ್ರೋನಿಂಗ್ (ರೋಗಿಯನ್ನು ಬೋರಲು ಮಲಗಿಸುವುದು), ಇಷ್ಟನ್ನು ಈಗ ಬಿಡುವಿನ ಕಾಲದಲ್ಲಿ ಕಲಿಸಿಡಿ. ಆಗಲೂ 18 ಆಗದಿದ್ದರೆ ಹಾಸಿಗೆ ಕಡಿಮೆ ತೆರೆಯಿರಿ, ಅಥವಾ ಜಿಲ್ಲೆಗೆ ಬರೆದು ಕೇಳಿ. ಕಾಗದದಲ್ಲಿ 12 ಅಂತ ಹಾಕಿ ಸುಮ್ಮನಾಗಬೇಡಿ.

ಮನೋವೈದ್ಯ_ಧಾರವಾಡ
ಸಿಸ್ಟರ್ ಹೇಳಿದ್ದು ಖರೇ ಅದ. ಇದಕ್ಕ ಒಂದು ದಾಖಲೆನೂ ಅದ ನೋಡ್ರಿ. ಚೀನಾದ ಚಾಂಗ್‌ಷಾದಾಗ ಸೆಕೆಂಡ್ ಶಿಯಾಂಗ್ಯಾ ಆಸ್ಪತ್ರಿಯವರು 2020ರ ಸುರುವಿಗೆ ಸಿಬ್ಬಂದಿಗೆ ಮನಶ್ಶಾಸ್ತ್ರಜ್ಞರ ತಂಡ, ಸಹಾಯವಾಣಿ, ಆನ್‌ಲೈನ್ ಕೋರ್ಸ್, ಎಲ್ಲಾ ತಯಾರಿ ಮಾಡಿದ್ರು. ಸಿಬ್ಬಂದಿ ಬರಲಿಕ್ಕೆ ಹಿಂಜರಿದ್ರು. ಕೂತು ಕೇಳಿದಾಗ ನರ್ಸ್‌ಗಳು ಹೇಳಿದ್ದು: ನಮಗ ಮನಶ್ಶಾಸ್ತ್ರಜ್ಞರು ಬ್ಯಾಡ, ಯಾರೂ ತೊಂದರಿ ಕೊಡದ ವಿಶ್ರಾಂತಿ ಬೇಕು, ಸಾಕಾಗುವಷ್ಟು ರಕ್ಷಣಾ ಸಾಮಗ್ರಿ ಬೇಕು, ಗಾಬರಿಯಾಗಿ ಸಹಕರಿಸದ ರೋಗಿಗಳನ್ನ ಹೆಂಗ ಸಂಭಾಳಿಸಬೇಕು ಅಂತ ಕಲಿಸ್ರಿ. ಆಸ್ಪತ್ರಿಯವರು ಯೋಜನೆ ಬದಲಿಸಿ ವಿಶ್ರಾಂತಿ ಜಾಗ, ಊಟ, ದಿನಬಳಕೆ ಸಾಮಾನು ಕೊಟ್ರು. ತಾವು ಹೆಂಗ ಇದ್ದೀವಿ ಅಂತ ವಿಡಿಯೊ ಮಾಡಿ ಮನಿಯವರಿಗೆ ಕಳಿಸೋ ಅನುಕೂಲನೂ ಮಾಡಿದ್ರು. ಆಮ್ಯಾಲೆ ಸಲಹೆಗಾರರು ವಿಶ್ರಾಂತಿ ಕೋಣೆಗೇ ಹೋಗಿ ಕೂತ್ರು. ಆಗ ಮಾತು ಹೊರಗ ಬಂತು.

ಹಂಗಂತ ಕಾಯಿಲೆ ಇಲ್ಲಾ ಅಂತಲ್ಲ. ಅದೇ ಹೊತ್ತಿಗೆ ಚೀನಾದ 34 ಆಸ್ಪತ್ರಿಯ 1,257 ಸಿಬ್ಬಂದಿ ಸಮೀಕ್ಷೆಯೊಳಗ ಖಿನ್ನತೆಯ ಲಕ್ಷಣ 50.4 ಶೇಕಡಾ, ಆತಂಕ 44.6, ನಿದ್ದಿ ತೊಂದರಿ 34. ಪ್ರಶ್ನಾವಳಿಯ ಅಂಕಿ ಇವು, ರೋಗನಿರ್ಣಯ ಅಲ್ಲ. ಅದನ್ನ ಮರೀಬ್ಯಾಡ್ರಿ.

ಕರಡು_ಪ್ರತಿ
ಪ್ರಶ್ನಾವಳಿ ಮಾತು ಬಂತಲ್ಲ ಡಾಕ್ಟ್ರೇ. ಎಲ್ಲ ಸಿಬ್ಬಂದಿಗೂ ತಿಂಗಳಿಗೊಮ್ಮೆ ಗೂಗಲ್ ಫಾರ್ಮ್‌ನಲ್ಲಿ ಪಿಎಚ್‌ಕ್ಯೂ-9 (ಖಿನ್ನತೆಯ ಲಕ್ಷಣ ಅಳೆಯುವ 9 ಪ್ರಶ್ನೆಗಳ ಪಟ್ಟಿ) ಕಳಿಸಬೇಕು ಅಂತ ಒಂದು ಸಲಹೆ ಇದೆ. ಹಾಕಲೇ?

ಮನೋವೈದ್ಯ_ಧಾರವಾಡ
ಹಂಗ ಕಳಿಸಬ್ಯಾಡ್ರಿ. ಹೆಸರು, ಕೆಜಿಐಡಿ ನಂಬರ್ (ಸರ್ಕಾರಿ ನೌಕರರ ವಿಮಾ ನಂಬರ್) ಕೇಳಿ, ಉತ್ತರ ಆಡಳಿತ ವಿಭಾಗದ ಇಮೇಲ್‌ಗೆ ಹೋಗೋ ಫಾರ್ಮ್‌ನಾಗ ಎಲ್ಲಾರೂ ಸೊನ್ನೆ ಒತ್ತತಾರ. ಕೈಯಾಗ ಬರೋದು ಚಂದನ್ನ ಸುಳ್ಳು ಅಂಕಿ.

ಇನ್ನೊಂದು ಅಪಾಯ. 9ನೇ ಪ್ರಶ್ನೆ ಸಾಯೋ ವಿಚಾರ, ತನಗ ತಾನ ಹಾನಿ ಮಾಡ್ಕೊಳ್ಳೋ ವಿಚಾರದ ಬಗ್ಗೆ ಅದ. ಯಾರಾದ್ರೂ ಅಲ್ಲಿ 1 ಒತ್ತಿದ್ರೂ ಅವತ್ತೇ ಒಬ್ಬರು ಕೂತು ಮಾತಾಡಬೇಕು. ಫಾರ್ಮ್ ವಾರಗಟ್ಟಲೆ ಯಾರೂ ತೆಗೆದು ನೋಡಲಿಲ್ಲಂದ್ರ, ಕೇಳದೇ ಇರೋದೇ ಮೇಲು. ಅದೇ ದಿನ ನೋಡೋ ವ್ಯವಸ್ಥಾ ಇಲ್ಲಾ ಅಂದ್ರ ಸ್ಕ್ರೀನಿಂಗ್ ಸುರು ಮಾಡಬಾರದು, ಇದನ್ನ ದಪ್ಪ ಅಕ್ಷರದಾಗ ಹಾಕ್ರಿ.

ಅಂಕ ಓದೋದ್ರಾಗೂ ಒಂದು ಎಡವಟ್ಟು ಅದ. ಒಟ್ಟು 27, 10 ಅಥವಾ ಹೆಚ್ಚು ಬಂದ್ರ ವೈದ್ಯರು ನೋಡಬೇಕು ಅಂತ ರೂಢಿ. ಆದ್ರ ನಿದ್ದಿ, ಹಸಿವು, ದಣಿವಿನ ಪ್ರಶ್ನೆಗಳು ಅದರಾಗ ಅವ. ಎರಡು ವಾರ ರಾತ್ರಿ ಪಾಳಿ ಮಾಡಿದವರಿಗೆ, ಕೋವಿಡ್‌ನಿಂದ ಎದ್ದವರಿಗೆ ಈ ಮೂರರಿಂದನೇ 6–7 ಬಂದುಬಿಡ್ತದ. ಅದಕ್ಕ ಮೊದಲಿನ ಎರಡು ಪ್ರಶ್ನೆ, ಅಂದ್ರ ಯಾವುದರಾಗೂ ಆಸಕ್ತಿ ಇಲ್ಲದ್ದು, ಮನಸ್ಸು ಕುಗ್ಗಿದ್ದು, ಇವುಗಳ ಉತ್ತರ ಮೊದಲು ನೋಡ್ರಿ.

ನನ್ನ ಅಭಿಪ್ರಾಯ: ಫಾರ್ಮ್ ಕಳಿಸೋ ಬದಲು ಕನ್ನಡದ ಪಿಎಚ್‌ಕ್ಯೂ-9, ಜಿಎಡಿ-7 (ಆತಂಕದ ಪ್ರಶ್ನಾವಳಿ) ಮುದ್ರಿಸಿ ವಿಶ್ರಾಂತಿ ಕೋಣೆಯಾಗ ಇಡ್ರಿ. ತಾವೇ ತುಂಬಿ ತಾವೇ ಕೂಡಿಸಿಕೊಳ್ಳಲಿ. ಕೆಳಗ "10 ಅಥವಾ ಹೆಚ್ಚು ಬಂದರೆ, ಇಲ್ಲವೇ ಪಿಎಚ್‌ಕ್ಯೂ-9ರ 9ನೇ ಪ್ರಶ್ನೆಗೆ ಸೊನ್ನೆ ಅಲ್ಲದಿದ್ದರೆ ಇಲ್ಲಿಗೆ ಕರೆ ಮಾಡಿ" ಅಂತ ಬರೀರಿ. 14416, ಟೆಲಿ-ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ನಡೀತದ, ದಿನದ 24 ತಾಸು, ಕನ್ನಡದಾಗೂ ಮಾತಾಡಬಹುದು. ಜೊತಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ನಂಬರ್.

ಆಶಾ_ಸುಗಮಕಾರ್ತಿ
ಆಸ್ಪತ್ರೆಯ ಗೋಡೆಯೊಳಗೇ ಚರ್ಚೆ ನಿಂತಿದೆ. ತಾಲ್ಲೂಕಿನ ಆಶಾ ಕಾರ್ಯಕರ್ತೆಯರು ನಿಮ್ಮ ಪುಟದಲ್ಲಿ ಇದ್ದಾರಾ? ಅವರಿಗೆ ವಾರ್ಡಿಲ್ಲ, ವಿಶ್ರಾಂತಿ ಕೋಣೆಯಿಲ್ಲ, ಸಂಬಳವೂ ಅಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2020ರ ಜುಲೈನಲ್ಲಿ ರಾಜ್ಯದ ಆಶಾಗಳು ಮುಷ್ಕರಕ್ಕಿಳಿದಾಗ ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಮತ್ತು ರಕ್ಷಣಾ ಸಾಮಗ್ರಿ. ಧ್ಯಾನದ ತರಬೇತಿ ಬೇಡಿಕೆ ಪಟ್ಟಿಯಲ್ಲಿರಲಿಲ್ಲ.

ಅವರ ಕಷ್ಟವೇ ಬೇರೆ ಥರ. ಕ್ವಾರಂಟೈನ್ ಮನೆಗೆ ಹೋಗಿ ಕೈಗೆ ಸೀಲು ಹಾಕಿಸುವುದು, ಬಾಗಿಲಿಗೆ ಚೀಟಿ ಅಂಟಿಸುವುದು, ಅದೇ ಬೀದಿಯಲ್ಲಿ ಸಂಜೆ ನೀರಿಗೆ ನಿಲ್ಲುವುದು. ಅಕ್ಕಪಕ್ಕದವರ ಸಿಟ್ಟು ಅಧಿಕಾರಿಯ ಮೇಲೆ ಹೋಗುವುದಿಲ್ಲ, ಇವರ ಮೇಲೆ ಬರುತ್ತದೆ. ಹಾಗಾಗಿ ಇಷ್ಟನ್ನು ಸೇರಿಸಿ:

ಕ್ವಾರಂಟೈನ್ ಮನೆಗೆ ಒಬ್ಬರೇ ಹೋಗಬಾರದು. ಆಶಾ ಜೊತೆ ಪಂಚಾಯ್ತಿ ಸಿಬ್ಬಂದಿ ಅಥವಾ ಇನ್ನೊಬ್ಬ ಆಶಾ. ಚೀಟಿ ಅಂಟಿಸುವ ಕೆಲಸ ಅದೇ ಊರಿನ ಆಶಾಗೆ ಬೇಡ, ಪಂಚಾಯ್ತಿಗೆ ಕೊಡಿ. ಆರೋಗ್ಯ ವಿಚಾರಿಸುವುದು ಮಾತ್ರ ಆಶಾ ಕೆಲಸ. ಆಕೆಯ ಸ್ವಂತ ಮೊಬೈಲ್ ನಂಬರನ್ನು ಕರಪತ್ರದಲ್ಲಿ ಮುದ್ರಿಸಬಾರದು. ಪಿಎಚ್‌ಸಿಗೆ ಒಂದು ಸಿಮ್ ತೆಗೆದು ಸರದಿಯಂತೆ ಹಿಡಿಯಲಿ, ರಾತ್ರಿ 9ರ ನಂತರ 108 ಅಥವಾ ಆಸ್ಪತ್ರೆಗೆ ಫಾರ್ವರ್ಡ್ ಆಗಲಿ. ಹಲ್ಲೆ, ಬೈಗುಳ ಆದರೆ ಅರ್ಜಿ ಬರೆಯುವುದು, ಠಾಣೆಗೆ ಹೋಗುವುದು ಆಕೆಯ ತಲೆಗೆ ಬೀಳಬಾರದು. ವೈದ್ಯಾಧಿಕಾರಿ ಅವತ್ತೇ ದೂರು ಕೊಡಬೇಕು.

ಕರಡು_ಪ್ರತಿ
ಕೊನೆಯದಕ್ಕೆ ಕಾನೂನಿನ ಬೆಂಬಲವೂ ಇದೆ, ಸೇರಿಸುತ್ತೇನೆ. ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಲ್ಲಿ ಆರೋಗ್ಯ ಸಿಬ್ಬಂದಿ ಮೇಲಿನ ಹಲ್ಲೆಗೆ 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ತೀವ್ರ ಗಾಯವಾದರೆ 6 ತಿಂಗಳಿಂದ 7 ವರ್ಷ. ತನಿಖೆ 30 ದಿನದೊಳಗೆ ಮುಗಿಸಬೇಕು. ಆಶಾ ಕೂಡ ಇದರ ವ್ಯಾಪ್ತಿಯಲ್ಲಿ ಬರುತ್ತಾರೆ.

ಪಿಜಿ_ಹಾಸ್ಟೆಲ್
ಎರಡನೇ ಅಲೆಯ ವಾರ್ಡಿನಲ್ಲಿ ಜನರನ್ನು ಮುರಿದದ್ದು ಸೋಂಕಿನ ಭಯಕ್ಕಿಂತ ಹೆಚ್ಚಾಗಿ ಎರಡು ಕೆಲಸ: ಇರುವ ಒಂದು ವೆಂಟಿಲೇಟರ್ ಯಾರಿಗೆ ಅಂತ ತೀರ್ಮಾನಿಸೋದು, ಸಾವಿನ ಸುದ್ದಿ ಫೋನಿನಲ್ಲಿ ಹೇಳೋದು. ಎರಡೂ ಬಿದ್ದದ್ದು ಎಲ್ಲರಿಗಿಂತ ಚಿಕ್ಕವರ ಮೇಲೆ.

ಮೊದಲನೆಯದಕ್ಕೆ: ಹಂಚಿಕೆಯ ತೀರ್ಮಾನ ಹಾಸಿಗೆ ಪಕ್ಕ ನಿಂತವರದ್ದಾಗಬಾರದು. ಆ ರೋಗಿಯ ಚಿಕಿತ್ಸೆಯಲ್ಲಿ ಇಲ್ಲದ ಇಬ್ಬರು ಹಿರಿಯ ವೈದ್ಯರು, ಒಬ್ಬ ಹಿರಿಯ ನರ್ಸ್, ಇಷ್ಟು ಜನರ ಸಮಿತಿ ಮಾಡಿ. ಮಾನದಂಡ ಮೊದಲೇ ಬರೆದಿಡಿ, ತೀರ್ಮಾನವನ್ನು ಸಮಯ ಹಾಕಿ ಕೇಸ್ ಶೀಟಿನಲ್ಲಿ ಸಮಿತಿಯ ಸಹಿಯೊಂದಿಗೆ ಬರೆಯಲಿ. ರಾತ್ರಿ 2ಕ್ಕೂ ಫೋನ್ ಎತ್ತುವ ಸಮಿತಿ ಆಗಿರಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ತನ್ನ ಮೌಲ್ಯಕ್ಕೆ ವಿರುದ್ಧವಾದದ್ದನ್ನು ಅನಿವಾರ್ಯವಾಗಿ ಮಾಡಬೇಕಾಗಿ ಬಂದಾಗ ಉಳಿಯುವ ಅಪರಾಧಭಾವ, ಅವಮಾನ, ಸಿಟ್ಟಿಗೆ ನೈತಿಕ ಗಾಯ ಅಂತಾರೆ. ಅದು ರೋಗವಲ್ಲ, ಆದರೆ ಖಿನ್ನತೆಗೆ, ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಗೆ) ದಾರಿ ಮಾಡಿಕೊಡಬಹುದು. ಒಬ್ಬರ ಹೆಗಲ ಮೇಲಿದ್ದ ತೀರ್ಮಾನ ಮೂವರಿಗೆ ಹಂಚಿಹೋದರೆ ಭಾರ ನಿಜವಾಗಿಯೂ ಇಳಿಯುತ್ತದೆ.

ಎರಡನೆಯದಕ್ಕೆ ಒಂದು ಚೀಟಿ ಫೋನಿನ ಪಕ್ಕ ಅಂಟಿಸಿ:
1. ಕೂತುಕೊಂಡು ಕರೆ ಮಾಡಿ, ಪಿಪಿಇ ಬಿಚ್ಚಿದ ಮೇಲೆ. ಕೇಸ್ ಶೀಟ್ ಎದುರಿಗಿರಲಿ, ಹೆಸರು, ವಯಸ್ಸು, ಊರು ಎರಡು ಸಲ ನೋಡಿಕೊಳ್ಳಿ. ಅದಲು ಬದಲಾದರೆ ಎರಡು ಮನೆ ಹಾಳು.
2. ಆ ಕಡೆ ಯಾರು ಮಾತಾಡುತ್ತಿರೋದು, ರೋಗಿಗೆ ಏನಾಗಬೇಕು ಕೇಳಿ. ಗಾಡಿ ಓಡಿಸುತ್ತಿದ್ದರೆ ನಿಲ್ಲಿಸಲು ಹೇಳಿ. ಜೊತೆಗೆ ಯಾರಾದರೂ ಇದ್ದಾರಾ ಕೇಳಿ.
3. "ನಿಮ್ಮ ಹತ್ತಿರ ಕೆಟ್ಟ ಸುದ್ದಿ ಹೇಳಬೇಕಾಗಿದೆ" ಅಂದು ಒಂದು ಉಸಿರು ನಿಲ್ಲಿಸಿ. ಆಮೇಲೆ "ನಿಮ್ಮ ತಂದೆಯವರು ಇವತ್ತು ಬೆಳಿಗ್ಗೆ 5:40ಕ್ಕೆ ತೀರಿಕೊಂಡರು" ಅಂತ ನೇರವಾಗಿ ಹೇಳಿ. ತೀರಿಕೊಂಡ ಮೇಲೂ "ಸೀರಿಯಸ್ ಇದೆ, ಬೇಗ ಬನ್ನಿ" ಅನ್ನೋ ಅಭ್ಯಾಸ ಬೇಡ. ಬಂದವರ ಸಿಟ್ಟು ವಾರ್ಡಿನ ಮೇಲೆ ಸಿಡಿಯೋದು ಅಲ್ಲಿಂದಲೇ.
4. ಸುಮ್ಮನಿರಿ. ಅವರು ಮಾತಾಡುವವರೆಗೆ ಕಾಯಿರಿ.
5. ಪಾರ್ಥಿವ ಶರೀರ ಯಾವಾಗ, ಎಲ್ಲಿ, ಯಾರ ಹತ್ತಿರ ಕೇಳಬೇಕು ಹೇಳಿ, ಒಂದು ನಂಬರ್ ಕೊಡಿ.

ಒಂದು ಪಾಳಿಯಲ್ಲಿ ಒಬ್ಬರಿಗೆ ಇಂಥ ಕರೆ ಎರಡಕ್ಕಿಂತ ಹೆಚ್ಚಾದರೆ ಮೂರನೆಯದನ್ನು ಇನ್ನೊಬ್ಬರು ಮಾಡಲಿ. ಡೇಟಾ ಎಂಟ್ರಿ ಆಪರೇಟರ್, ಗ್ರೂಪ್ ಡಿ ಸಿಬ್ಬಂದಿ ಕೈಯಲ್ಲಿ ಯಾವ ಕಾರಣಕ್ಕೂ ಹೇಳಿಸಬಾರದು.

ಲೀಡ್ಸ್_ಐಸಿಯು
ಈ ಚೀಟಿಯನ್ನು ಇಲ್ಲಿನ ನಮ್ಮ ಕನ್ನಡದ ಸಹೋದ್ಯೋಗಿಗಳಿಗೂ ಕಳಿಸುತ್ತೇನೆ. ಒಂದು ಸೇರ್ಪಡೆ. ಇಂಥ ಪಾಳಿ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ "ಏನಾಯ್ತು, ಹೇಗನ್ನಿಸಿತು" ಅಂತ ಒಂದೇ ಬೈಠಕ್ಕಿನಲ್ಲಿ ಕೆದಕುವ ಡಿಬ್ರೀಫಿಂಗ್ ಕಡ್ಡಾಯ ಮಾಡಬೇಡಿ. ಅದು ಪಿಟಿಎಸ್‌ಡಿ ತಡೆಯುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಅಂತ ಎರಡು ದಶಕದಿಂದ ಗೊತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ಆದರೂ ಪ್ರತಿ ದುರಂತದ ನಂತರ ಯಾರೋ ಒಬ್ಬರು ಅದನ್ನೇ ಹಿಡಿದುಕೊಂಡು ಬರುತ್ತಾರೆ!

ಬದಲಿಗೆ ಪಾಳಿ ಕೊನೆಯಲ್ಲಿ 10 ನಿಮಿಷದ ಹಡಲ್, ಅಂದರೆ ಚುಟುಕು ಸಭೆ. ಕೆಲಸದ ಬಗ್ಗೆ ಮಾತ್ರ: ಇವತ್ತು ಯಾವುದು ಕಷ್ಟವಾಯ್ತು, ಯಾವುದು ಸರಿಹೋಯ್ತು, ಮುಂದಿನ ಪಾಳಿಗೆ ಏನು ಬದಲಿಸಬೇಕು, ಯಾರಿಗಾದರೂ ಮನೆಗೆ ಹೋಗುವ ಮುಂಚೆ ಒಬ್ಬರ ಹತ್ತಿರ ಮಾತಾಡಬೇಕಾ. ನಿಂತುಕೊಂಡೇ ಮಾಡಿ, ಡ್ಯೂಟಿ ಸಮಯದೊಳಗೆ ಮಾಡಿ. ಆಮೇಲೆ ತೊಂದರೆ ಕಂಡವರನ್ನು ಅವರ ಮಟ್ಟದ ಸಹೋದ್ಯೋಗಿಯೊಬ್ಬರು 3 ದಿನದ ನಂತರ ಒಮ್ಮೆ, ಸುಮಾರು ಒಂದು ತಿಂಗಳಿಗೆ ಇನ್ನೊಮ್ಮೆ ಮಾತಾಡಿಸಬೇಕು. ಬ್ರಿಟಿಷ್ ಸೇನೆಯಲ್ಲಿ ಬೆಳೆದ ಟ್ರಿಮ್ ಪದ್ಧತಿ ಇದೇ. ಮೊದಲ ಸಲಕ್ಕಿಂತ ಎರಡನೇ ಸಲ ತೊಂದರೆ ಕಡಿಮೆಯಾಗಿದ್ದರೆ ಸರಿ. ಹಾಗೇ ಇದ್ದರೆ, ಹೆಚ್ಚಾಗಿದ್ದರೆ ಮನೋವೈದ್ಯರ ಹತ್ತಿರ.

ವಾರ್ಡ್_ಇನ್‌ಚಾರ್ಜ್
"ಅವರ ಮಟ್ಟದ ಸಹೋದ್ಯೋಗಿ" ಅನ್ನೋದು ಮುಖ್ಯ. ಗ್ರೂಪ್ ಡಿ ಅಕ್ಕನಿಗೆ ಆರ್‌ಎಂಒ (ಸ್ಥಾನಿಕ ವೈದ್ಯಾಧಿಕಾರಿ) ಹೋಗಿ "ಹೇಗಿದ್ದೀರಿ" ಅಂದರೆ "ಚೆನ್ನಾಗಿದ್ದೀನಿ ಸಾರ್" ಬಿಟ್ಟು ಬೇರೆ ಉತ್ತರ ಬರಲ್ಲ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ, ಡಾಫಿಂಗ್, ಅಂದರೆ ಪಿಪಿಇ ಬಿಚ್ಚುವುದು. ಮನೆಗೆ ಸೋಂಕು ಹೊತ್ತೊಯ್ಯುತ್ತೇನೇನೋ ಅನ್ನೋ ಭಯದ ಬೇರು ಬಿಚ್ಚುವ ಕೋಣೆಯಲ್ಲಿದೆ. 6 ಗಂಟೆ ಬೆವರಿ, ಬಾಯಾರಿ, ಮೂತ್ರ ಕಟ್ಟಿಕೊಂಡು ಬಂದವರು ಆತುರದಲ್ಲಿ ಬಿಚ್ಚುತ್ತಾರೆ. ಗೌನ್‌ನ ಒಳಭಾಗ ಹೊರಗೆ ಬರುವಂತೆ ಸುತ್ತುವ ಬದಲು ಎಳೆಯುತ್ತಾರೆ, ಕೈ ಶುಚಿ ಮಾಡದೆ ಗಾಗಲ್ಸ್ ಮುಟ್ಟುತ್ತಾರೆ, ಎನ್95 ಅನ್ನು ಮುಂಭಾಗದಿಂದ ಹಿಡಿಯುತ್ತಾರೆ. ಆಮೇಲೆ ರಾತ್ರಿಯೆಲ್ಲ "ಮುಟ್ಟಿದೆನಾ, ಇಲ್ವಾ" ಅಂತ ತಲೆ ತಿನ್ನುತ್ತದೆ. ಪರಿಹಾರ ಅಗ್ಗ: ಆಳೆತ್ತರದ ಕನ್ನಡಿ, ಎದುರಿಗೆ ಒಬ್ಬರು ಚೆಕ್‌ಲಿಸ್ಟ್ ಹಿಡಿದು ಹಂತ ಹಂತವಾಗಿ ಓದಬೇಕು, ಮುಗಿದ ಮೇಲೆ "ಸರಿಯಾಗಿದೆ" ಅಂತ ಬಾಯಿಬಿಟ್ಟು ಹೇಳಬೇಕು. ಪಕ್ಕದಲ್ಲೇ ಸ್ನಾನದ ಕೋಣೆ, ಬಿಸಿನೀರು. ಒಳಗೆ ಹೋಗುವ ಮುಂಚೆ ಎರಡು ಲೋಟ ನೀರು, ಶೌಚಾಲಯ. ಏಸಿ ಇಲ್ಲದ ವಾರ್ಡಿನಲ್ಲಿ ಬೇಸಿಗೆಯಲ್ಲಿ 4 ಗಂಟೆಗೇ ಹೊರಗೆ ಕರೆಯಿರಿ. ಮುಟ್ಟಿನ ದಿನಗಳಲ್ಲಿ ಕಾರಣ ಹೇಳದೆ ಪಾಳಿ ಬದಲಿಸಿಕೊಳ್ಳುವ ಅವಕಾಶ ಇರಲಿ.

ರಾತ್ರಿ ಪಾಳಿಗೆ 1 ಗಂಟೆಗೆ ಬಿಸಿ ಊಟ, 20 ನಿಮಿಷ ಮಲಗಲು ಜಾಗ. 20 ದಾಟಿದರೆ ಎದ್ದಾಗ ಮಂಕು. ಮನೆಯಲ್ಲಿ ಮಲಗುವ 6 ಗಂಟೆ ಮುಂಚೆ ಕಾಫಿ, ಟೀ ನಿಲ್ಲಿಸಲಿ.

ಫಾರ್ಮಸಿ_ಕೌಂಟರ್
ನಿದ್ದೆಯ ಮಾತು ಬಂದದ್ದಕ್ಕೆ. ಆಸ್ಪತ್ರೆಯಲ್ಲಿ ನಿದ್ದೆ ಬಾರದವರು ಡಾಕ್ಟರ ಹತ್ತಿರ ಹೋಗಲ್ಲ, ಕೌಂಟರಿಗೆ ಬರ್ತಾರೆ. "ಒಂದು ಸ್ಟ್ರಿಪ್ ಅಲ್ಪ್ರಜೋಲಾಮ್ ಕೊಡು ಮಾರಾಯ." ಸಿಬ್ಬಂದಿ ಅಂತ ಮುಖ ನೋಡಿ ಕೊಡೋದು ಇಲ್ಲೇ ಶುರುವಾಗೋದು. ಅಲ್ಪ್ರಜೋಲಾಮ್, ಜೋಲ್ಪಿಡೆಮ್ ಎರಡೂ ಶೆಡ್ಯೂಲ್ ಎಚ್1. ಚೀಟಿ ಇಲ್ಲದೆ ಕೊಡುವಂತಿಲ್ಲ, ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ದಿನಾ ತಗೊಂಡರೆ ಕೆಲವೇ ವಾರದಲ್ಲಿ ಅಭ್ಯಾಸವಾಗುತ್ತೆ, ಏಕಾಏಕಿ ನಿಲ್ಲಿಸಿದರೆ ನಡುಕ, ಆತಂಕ ಮೊದಲಿಗಿಂತ ಜಾಸ್ತಿ, ಫಿಟ್ಸ್ ಕೂಡ ಬರಬಹುದು. ಆಗಲೇ ತಗೊಳ್ತಾ ಇರೋರಿಗೆ "ಇವತ್ತೇ ಬಿಡಿ" ಅನ್ನಬಾರದು, ಮನೋವೈದ್ಯರು ನಿಧಾನವಾಗಿ ಇಳಿಸಬೇಕು.

ಪುಟಕ್ಕೆ ಎರಡು ಸಾಲು: ವಾರ್ಡ್ ಸ್ಟಾಕಿನ ನಿದ್ದೆ ಮಾತ್ರೆ, ಮಂಪರು, ಅರಿವಳಿಕೆ, ನೋವಿನ ಇಂಜೆಕ್ಷನ್‌ಗಳು (ಮಿಡಜೋಲಾಮ್, ಫೆಂಟನಿಲ್, ಕೀಟಮಿನ್, ಪ್ರೊಪೊಫಾಲ್) ಬೀಗದಲ್ಲಿರಬೇಕು, ಪ್ರತಿ ಪಾಳಿ ಬದಲಾಗುವಾಗ ಇಬ್ಬರು ಸೇರಿ ಎಣಿಸಬೇಕು, ಖಾಲಿ ಆಂಪೂಲ್ ಸಮೇತ. ಕೋವಿಡ್ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗೋದು ಈ ಎಣಿಕೆನೇ.

ಮನೋವೈದ್ಯ_ಧಾರವಾಡ
ಭಾಳ ಮುಖ್ಯದ್ದು ಹೇಳಿದ್ರಿ. ಆರೋಗ್ಯ ಸಿಬ್ಬಂದಿಯೊಳಗ ಆತ್ಮಹತ್ಯೆಯ ಅಪಾಯ ಹೆಚ್ಚಾಗೋದಕ್ಕ ಔಷಧ ಕೈಗೆ ಸಿಗೋದು, ಅದರ ಪ್ರಮಾಣ ಗೊತ್ತಿರೋದು ಒಂದು ಕಾರಣ. ಯಾರರೆ "ನಾ ಇಲ್ಲದಿದ್ರ ಚಲೋ" ಅಂದ್ರ, ಇದ್ದಕ್ಕಿದ್ದಂಗ ಲೆಕ್ಕಪತ್ರ, ಸಾಮಾನು ಎಲ್ಲಾ ಹಂಚಲಿಕ್ಕೆ ಹತ್ತಿದ್ರ, ನೇರ ಕೇಳ್ರಿ: "ಸಾಯಬೇಕು ಅಂತ ವಿಚಾರ ಬರ್ತಾವ?" ಕೇಳಿದ್ರಿಂದ ಆ ವಿಚಾರ ಹುಟ್ಟೂದಿಲ್ಲ. ಹೌದು ಅಂದ್ರ ಒಬ್ಬರನ್ನೇ ಬಿಡಬ್ಯಾಡ್ರಿ, ಔಷಧದ ಕೀಲಿ ಇರೋ ಡ್ಯೂಟಿಯಿಂದ ಅವತ್ತೇ ಬಿಡಿಸ್ರಿ, ಅವತ್ತೇ ಮನೋವೈದ್ಯರಿಗೆ ತೋರಿಸ್ರಿ. ಡ್ಯೂಟಿ ಬದಲಿಸಿದ್ದು ಶಿಕ್ಷೆ ಅನ್ನಿಸಬಾರದು, ಪಗಾರ ಕಡಿತ ಆಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ಆಸ್ಪತ್ರಿ ಮುಖ್ಯಸ್ಥರಿಗೆ ಗೊತ್ತಾಗಬೇಕಾದ್ದು ಇಷ್ಟ: ಈ ವ್ಯಕ್ತಿ ಇಂತಿಷ್ಟು ದಿನ ಇಂಥ ಡ್ಯೂಟಿ ಮಾಡೂದಿಲ್ಲ.

ತನ್ನದೇ ಆಸ್ಪತ್ರಿಯ ಓಪಿಡಿ ಸಾಲಿನಾಗ ಸಿಬ್ಬಂದಿ ನಿಲ್ಲೂದಿಲ್ಲ. ಮನೋಚೈತನ್ಯ ಅನ್ನೋ ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದ್ರ, ಓಪಿಡಿ ಮುಗಿದ ಮ್ಯಾಲೆ ಅರ್ಧ ತಾಸು ಸಿಬ್ಬಂದಿಗೆ ಮೀಸಲಿಡ್ರಿ, ಬ್ಯಾರೆ ಕೋಣೆ. ಇಲ್ಲಾ, ಪಕ್ಕದ ತಾಲ್ಲೂಕಿನ ಜೊತಿ ಅದಲು ಬದಲು ಮಾಡ್ಕೊಳ್ರಿ: ನಿಮ್ಮವರನ್ನ ಅವರು ನೋಡಲಿ, ಅವರವರನ್ನ ನೀವು.

ಲೀಡ್ಸ್_ಐಸಿಯು
ಅಲೆ ಇಳಿದ ಮೇಲೆ ಪುಟ ಮುಗಿಯಬಾರದು. 2003ರ ಸಾರ್ಸ್ ನಂತರ ಟೊರಾಂಟೊ ಆಸ್ಪತ್ರೆಗಳ ಸಿಬ್ಬಂದಿಯನ್ನು 13ರಿಂದ 26 ತಿಂಗಳ ಬಳಿಕ ನೋಡಿದಾಗಲೂ, ಸಾರ್ಸ್ ರೋಗಿಗಳನ್ನು ನೋಡದ ಹ್ಯಾಮಿಲ್ಟನ್ ಆಸ್ಪತ್ರೆಗಳವರಿಗಿಂತ ಬರ್ನ್‌ಔಟ್ (ಕೆಲಸದಿಂದ ಬರುವ ಮಾನಸಿಕ ಬಳಲಿಕೆ), ಸಂಕಟ ಹೆಚ್ಚೇ ಇತ್ತು. ಇಂಗ್ಲೆಂಡಿನಲ್ಲಿ ಸಿಬ್ಬಂದಿಗಾಗಿ 40 ಮಾನಸಿಕ ಆರೋಗ್ಯ ಹಬ್‌ಗಳನ್ನು (ನೆರವು ಕೇಂದ್ರಗಳನ್ನು) ತೆರೆದರು, 2023ರ ಮಾರ್ಚ್‌ಗೆ ಕೇಂದ್ರದ ಹಣ ನಿಂತಿತು, ಹಲವು ಮುಚ್ಚಿದವು. ಆದ್ದರಿಂದ ವಾರ್ಡ್ ಮುಚ್ಚಿದ ದಿನದಿಂದ 1, 3, 6, 12 ತಿಂಗಳಿಗೆ ಸಹೋದ್ಯೋಗಿ ಭೇಟಿ ಅಂತ ದಿನಾಂಕ ಹಾಕಿಬಿಡಿ. ವಾರ್ಡ್ ಮುಚ್ಚಿದ ಮಾರನೇ ದಿನವೇ ಬಾಕಿ ಉಳಿದ ಶಸ್ತ್ರಚಿಕಿತ್ಸೆ ಶುರು ಮಾಡದೆ, ಪ್ರತಿಯೊಬ್ಬರಿಗೂ ಬಾಕಿ ರಜೆ ಕೊಡಿ.

ಕರಡು_ಪ್ರತಿ
ಒಂದು ಪುಟ ಎರಡಾಯಿತು, ಇರಲಿ. ಮೊದಲ ಪುಟ: ಡ್ಯೂಟಿ ಲೆಕ್ಕ, ವಿಶ್ರಾಂತಿ, ಊಟ, ಡಾಫಿಂಗ್, ಹಂಚಿಕೆ ಸಮಿತಿ, ಆಶಾ ನಿಯಮ. ಎರಡನೆಯದು: ಹಡಲ್, 3 ದಿನ ಮತ್ತು ಒಂದು ತಿಂಗಳ ಭೇಟಿ, ಸ್ವಯಂ ಪ್ರಶ್ನಾವಳಿ, ಔಷಧ ಎಣಿಕೆ, ತುರ್ತು ಹಂತ, 12 ತಿಂಗಳ ಪಟ್ಟಿ. "ಕೌನ್ಸೆಲಿಂಗ್ ವ್ಯವಸ್ಥೆ ಮಾಡಲಾಗುವುದು" ಸಾಲು ಹೊಡೆದುಹಾಕಿದ್ದೇನೆ. ಬಿಟ್ಟುಹೋದದ್ದಿದ್ದರೆ ಹೇಳಿ.

ಆಶಾ_ಸುಗಮಕಾರ್ತಿ
ಹಣ. ಹೊರಗುತ್ತಿಗೆಯ ಹೌಸ್‌ಕೀಪಿಂಗ್‌ನವರು ಸೋಂಕಾಗಿ ಮನೆಯಲ್ಲಿದ್ದ ದಿನಗಳಿಗೆ ಕೂಲಿ ಸಿಗುತ್ತದಾ ಅಂತ ಟೆಂಡರ್ ಕರಾರಿನಲ್ಲಿ ಈಗಲೇ ನೋಡಿ. ಇಲ್ಲದಿದ್ದರೆ ಸೇರಿಸಿ. ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರೋದು ಅದೇ ಕಾರಣಕ್ಕೆ. ಆಶಾ ಪ್ರೋತ್ಸಾಹಧನದ ಕ್ಲೇಮನ್ನು ಅಲೆಯ ಸಮಯದಲ್ಲಿ ಪ್ರತಿ ತಿಂಗಳು 5ರೊಳಗೆ ಪಿಎಚ್‌ಸಿಯಿಂದ ಕಳಿಸುವ ಹೊಣೆ ಯಾರದ್ದು ಅಂತ ಹುದ್ದೆಯ ಹೆಸರು ಬರೆಯಿರಿ.

ವಾರ್ಡ್_ಇನ್‌ಚಾರ್ಜ್
ಪ್ರತಿ ಸಾಲಿನ ಪಕ್ಕದಲ್ಲೂ ಹಾಗೇ ಹುದ್ದೆ ಬರೆಯಿರಿ ಸರ್, ಮನುಷ್ಯರ ಹೆಸರಲ್ಲ. ವರ್ಗಾವಣೆ ಆದ ಮೇಲೂ ಪುಟ ನಡೆಯಬೇಕಲ್ಲ. ಡಾಫಿಂಗ್ ಕೋಣೆಯ ಕನ್ನಡಿಗೆ ಮಾತ್ರ ಈ ತಿಂಗಳೇ ಇಂಡೆಂಟ್ ಹಾಕಿಬಿಡಿ.